ಟೆಲಿಫೋನಿಗೊಂದು ಬಾಗಿಲು

ನಮ್ಮ ಕಡೆ ಮೆಲ್ಲಗೆ ಮಾತಾಡುವವರನ್ನು ಯಾರೂ ಪೂರ್ತಿ ನಂಬುವುದಿಲ್ಲ. ಇಳಕಲ್ಲಿನ ಬಜಾರದಲ್ಲಿ ಇಬ್ಬರು ತಲೆಗೆ ತಲೆ ಹಚ್ಚಿ ಪಿಸುಗುಟ್ಟುತ್ತಿದ್ದರೆ, ದಾರಿಯಲ್ಲಿ ಹೋಗುವ ಮೂರನೆಯವನು ನಿಂತು "ಏನ್ ನಡಸೀರಿ?" ಎಂದು ಕೇಳಿಯೇ ಮುಂದೆ ಹೋಗುತ್ತಾನೆ. ಕೇಳದೆ ಹೋದನೆಂದರೆ ಅವನಿಗೆ ನಮ್ಮ ಮೇಲೆ ಏನೋ ಸಿಟ್ಟಿದೆ ಎಂದು ತಿಳಿಯಬೇಕು. ಬೀಗರ ಜಗಳವಿರಲಿ, ಮೂಲವ್ಯಾಧಿಯ ಔಷಧವಿರಲಿ, ಎದುರು ಓಣಿಗೆ ಕೇಳುವ ಹಾಗೆ ಹೇಳುವುದೇ ನಮ್ಮ ರೂಢಿ. ನಮ್ಮ ಅಪ್ಪ ದೇವರ ಮುಂದೆ ನಿಂತು ಬೇಡಿಕೊಳ್ಳುವಾಗಲೂ ಗಟ್ಟಿಯಾಗಿಯೇ ಬೇಡಿಕೊಳ್ಳುತ್ತಿದ್ದ. ಆ ಬೇಡಿಕೆಗಳು ದೇವರಿಗಿಂತ ಮೊದಲು ಅಡುಗೆಮನೆಯಲ್ಲಿದ್ದ ಅವ್ವನಿಗೆ ಮುಟ್ಟುತ್ತಿದ್ದವು. ಎಷ್ಟೋ ಬೇಡಿಕೆಗಳನ್ನು ಅವಳೇ ಪೂರೈಸಿಬಿಡುತ್ತಿದ್ದಳು, ಹೆಸರು ಮಾತ್ರ ದೇವರಿಗೆ ಬರುತ್ತಿತ್ತು. ಇಂಥ ಮನೆಯಲ್ಲಿ, ಇಂಥ ಊರಲ್ಲಿ ಬೆಳೆದ ನನ್ನ ತಲೆಗೆ, ಮಂದಿಯ ಮಾತು ಮಂದಿಗೆ ಕೇಳಿಸದಂತೆ ಕಾಯುವ ಜವಾಬ್ದಾರಿ ಬಂದು ಬಿತ್ತು. ಅದೂ ನನ್ನ ಸ್ವಂತ ಖರ್ಚಿನಲ್ಲಿ.

ನನ್ನದು ಬಜಾರದಲ್ಲಿ ಒಂದು ಸಣ್ಣ ಸೀರೆ ಅಂಗಡಿ. ಒಂದು ಗೋಡೆಗೆ ಇಳಕಲ್ಲ ಸೀರೆ, ಇನ್ನೊಂದು ಗೋಡೆಗೆ ಕುಪ್ಪಸದ ಖಣ, ನಡುವೆ ಗಾದಿ, ಗಾದಿಯ ಮೇಲೆ ನಾನು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ, ನನ್ನ ಅಂಗಡಿಯಲ್ಲಿ ಸಾರ್ವಜನಿಕರು ದುಡ್ಡು ಕೊಟ್ಟು ಮಾತಾಡುವ ಟೆಲಿಫೋನು ಬಂತು. ಆಗಿನ್ನೂ ನಂಬರು ತಿರುಗಿಸಿದ ಕೂಡಲೆ ಮುಂಬೈ ಸಿಗುವ ಕಾಲವಲ್ಲ. ಎಕ್ಸ್‌ಚೇಂಜಿಗೆ ಹೇಳಿ ಟ್ರಂಕ್ ಕಾಲ್ ಬುಕ್ ಮಾಡಬೇಕು, ಅದು ಯಾವಾಗ ಹತ್ತುತ್ತದೋ ಅಲ್ಲಿಯವರೆಗೆ ಕಾಯಬೇಕು. ಹತ್ತಿದ ಮೇಲೆ, ಆಚೆಯವನಿಗೆ ತಂತಿಯಿಲ್ಲದೆಯೂ ಕೇಳಬಹುದೇನೋ ಎನ್ನುವಷ್ಟು ದೊಡ್ಡ ದನಿಯಲ್ಲಿ ಒದರಬೇಕು. ಈ ಕಾಯುವುದು, ಒದರುವುದು ಎರಡೂ ನನಗೆ ಲಾಭದ ಸಂಗತಿಗಳೇ ಆಗಿದ್ದವು. ಕಾಯುವವರು ಬೇಸರಕ್ಕೆ ಸೀರೆ ನೋಡುತ್ತಿದ್ದರು. ಒದರುವವರ ಮಾತು ಕೇಳಲು ಬಂದವರು ಸುಮ್ಮನೆ ಕೂರಲು ನಾಚಿಕೆಯಾಗಿ ಒಂದು ಖಣವನ್ನಾದರೂ ಕೊಳ್ಳುತ್ತಿದ್ದರು. ಬಜಾರಕ್ಕೆ ಬಂದ ಹೆಣ್ಣುಮಕ್ಕಳು, "ಇವತ್ತ ಯಾರ ಫೋನ್ ಐತ್ರಿ?" ಎಂದು ಕೇಳಿಕೊಂಡೇ ಒಳಗೆ ಬರುತ್ತಿದ್ದುದೂ ಉಂಟು.

ಹೀಗೆ ಕೇಳಲು ಬರುವವರೆಲ್ಲರಿಗೂ ಹಿರಿಯನೆಂದರೆ ಗುರುಪಾದಪ್ಪ ಕಾಕಾ. ಕನ್ನಡ ಸಾಲಿ ಮಾಸ್ತರಿಕೆಯಿಂದ ನಿವೃತ್ತನಾಗಿ, ಮನೆಯಲ್ಲಿ ಸೊಸೆಯ ಜೊತೆ ಮಾತು ಸಾಲದೆ, ನನ್ನ ಅಂಗಡಿಯ ಉದ್ದನೆಯ ಕಟ್ಟಿಗೆ ಬಾಂಕಿನ ಮೇಲೆ ದಿನವೂ ಬಂದು ಕೂರುತ್ತಿದ್ದ. ಯಾರ ಮಗಳಿಗೆ ಸೋಲಾಪುರದಿಂದ ವರ ಬಂತು, ಯಾರ ತಮ್ಮ ಪುಣೆಯಲ್ಲಿ ನೌಕರಿ ಬಿಟ್ಟ, ಎಲ್ಲವೂ ಕಾಕಾನಿಗೆ ಗೊತ್ತಿರುತ್ತಿತ್ತು. ಆದರೆ ಕೆಟ್ಟ ಮನುಷ್ಯನಲ್ಲ. ಯಾರದಾದರೂ ಸಾವಿನ ಸುದ್ದಿ ಬಂದರೆ, ಮಾತಾಡುವವರು ಟೆಲಿಫೋನು ಕೆಳಗಿಡುವುದರೊಳಗೆ ಅವರಿಗೆ ಕುಡಿಯಲು ನೀರು ತಂದು ನಿಲ್ಲುತ್ತಿದ್ದವನೂ ಅವನೇ.

ಎಲ್ಲವೂ ಹೀಗೆ ಸುಖವಾಗಿ ನಡೆದಿದ್ದಾಗ ಕೆಂಪು ಕಲ್ಲಿನ ವ್ಯಾಪಾರ ಊರಿಗೆ ಬಂತು. ನಮ್ಮ ನೆಲದ ಕೆಂಪು ಕಲ್ಲಿಗೆ ಎಲ್ಲೆಲ್ಲಿಂದಲೋ ಬೇಡಿಕೆ ಬಂದು, ಮದ್ರಾಸಿಗೆ ಫೋನು ಹಚ್ಚಿಸುವ ಹೊಸ ವ್ಯಾಪಾರಿಗಳು ಅಂಗಡಿಗೆ ಬರತೊಡಗಿದರು. ಅವರಲ್ಲಿ ಚನ್ನಬಸಪ್ಪ ಎಂಬುವವರು ಎತ್ತರದ ಆಳು, ದನಿಯೂ ಅಷ್ಟೇ ಎತ್ತರ. ಒಂದು ದಿನ ಅವರು ನನ್ನ ಅಂಗಡಿಯಲ್ಲಿ ನಿಂತು ಮದ್ರಾಸಿನವರಿಗೆ ತಮ್ಮ ಕಲ್ಲಿನ ದರವನ್ನು ಒದರಿ ಒದರಿ ಹೇಳಿದರು. ಆಗ ಅಂಗಡಿಯ ಮೂಲೆಯಲ್ಲಿ ಹೆಂಡತಿಗೆ ಸೀರೆ ಆರಿಸುತ್ತ ನಿಂತಿದ್ದವನು ಅವರ ಪಕ್ಕದ ಕ್ವಾರಿಯವನು. ಸೀರೆ ಆರಿಸಿ ಮುಗಿಸಿದವನೇ ಅದೇ ಟೆಲಿಫೋನಿನಲ್ಲಿ ಅದೇ ಮದ್ರಾಸಿಗೆ ಮಾತಾಡಿ, ಇನ್ನೂ ಕಡಿಮೆ ದರ ಹೇಳಿ ವ್ಯಾಪಾರ ಕುದುರಿಸಿಕೊಂಡ. ಚನ್ನಬಸಪ್ಪ ನನ್ನ ಮೇಲೆ ಸಿಟ್ಟಾಗಲಿಲ್ಲ, ಅದು ಅವರ ದೊಡ್ಡತನ. "ನಿಮ್ದೇನ್ ತಪ್ಪಿಲ್ಲ ಬಿಡ್ರಿ ಸಂಗಪ್ಪ, ನನ್ನ ಗಂಟಲಽ ಹಿಂಗೈತಿ" ಎಂದರು. ಎಂದು ಹೇಳಿ, ಟೆಲಿಫೋನ್ ಇಲಾಖೆಗೆ ಒಂದು ತಕರಾರು ಅರ್ಜಿ ಬರೆದು ಹಾಕಿದರು.

ಸ್ವಲ್ಪ ದಿನದಲ್ಲಿ ಬಾಗಲಕೋಟೆಯಿಂದ ಒಬ್ಬ ಸಾಹೇಬರು ಬಂದರು. ಮೂಲತಃ ಮೈಸೂರಿನ ಕಡೆಯವರಂತೆ. ಅವರ ಕನ್ನಡ ಎಷ್ಟು ಮೆದುವಾಗಿತ್ತೆಂದರೆ, ಅವರು ನನ್ನನ್ನು ಗದರಿಸುತ್ತಿದ್ದಾರೆ ಎನ್ನುವುದು ನನಗೆ ಬಹಳ ಹೊತ್ತಿನವರೆಗೆ ತಿಳಿಯಲೇ ಇಲ್ಲ. "ನೋಡಿ ಸಂಗಪ್ಪನವರೇ, ಗ್ರಾಹಕರ ಮಾತು ಗೋಪ್ಯವಾಗಿರಬೇಕು. ಅದು ನಿಯಮ. ನೀವು ಫೋನಿಗೆ ಒಂದು ಮುಚ್ಚಿದ ಬೂತ್ ಕಟ್ಟಿಸಬೇಕಾಗುತ್ತೆ. ಒಳಗಿನ ಮಾತು ಹೊರಗೆ ಕೇಳಿಸಬಾರದು" ಎಂದರು.

ಬಾಂಕಿನ ಮೇಲಿದ್ದ ಕಾಕಾ, "ಗೋಪ್ಯ ಅಂದ್ರ?" ಎಂದ. ಪದದ ಅರ್ಥ ತಿಳಿಯದೆ ಕೇಳಿದ್ದಲ್ಲ. ಇಷ್ಟು ವರ್ಷ ಕನ್ನಡ ಕಲಿಸಿದವನು. ಟೆಲಿಫೋನಿಗೂ ಆ ಪದಕ್ಕೂ ಏನು ಸಂಬಂಧ ಎಂಬುದು ಅವನ ಪ್ರಶ್ನೆಯಾಗಿತ್ತು.

"ಅಂದರೆ ನಿಮ್ಮಂಥವರಿಗೆ ಕೇಳಿಸಬಾರದು ಅಂತ" ಎಂದರು ಸಾಹೇಬರು, ಅಷ್ಟೇ ಮೆದುವಾಗಿ.

"ಕಟ್ಟಿಸ್ಲಿಲ್ಲಂದ್ರ ಏನಾಗ್ತೈತ್ರಿ?" ಎಂದು ನಾನು ಕೇಳಿದೆ.

"ಫೋನ್ ವಾಪಸ್ ಹೋಗುತ್ತೆ."

"ಖರ್ಚು ಇಲಾಖೆದೇನ್ರಿ?"

ಸಾಹೇಬರು ನಕ್ಕರು. ಆ ನಗುವಿನ ಅರ್ಥ ತಿಳಿಯಲು ಮಾತ್ರ ನನಗೆ ತಡವಾಗಲಿಲ್ಲ.

ಬಡಿಗೇರ ಮೌನೇಶಪ್ಪನನ್ನು ಕರೆಸಿದೆ. ಆತ ಬಾಗಿಲು, ಕಿಟಕಿ, ತೊಟ್ಟಿಲು, ಮಂಚ ಎಲ್ಲ ಮಾಡಿದವನೇ, ಆದರೆ ಮನುಷ್ಯರನ್ನು ನಿಲ್ಲಿಸಿ ಮುಚ್ಚುವ ಪೆಟ್ಟಿಗೆಯನ್ನು ಮಾಡಿದವನಲ್ಲ. "ಅಳತಿ ಎಷ್ಟ ಹಿಡೀಲಿ?" ಎಂದು ಕೇಳಿದ. "ಒಬ್ಬ ಮನಿಶ್ಯಾ ನಿಂದ್ರುವಷ್ಟು" ಎಂದೆ. ಯಾವ ಮನುಷ್ಯ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ತನ್ನ ಮೈಗೇ ಅಳತೆ ಹಿಡಿದ. ಮೌನೇಶಪ್ಪ ನನ್ನ ಭುಜಕ್ಕೆ ಬರುವ ಆಳು. ಹೀಗಾಗಿ ಬೂತಿನಲ್ಲಿ ಮೊದಲು ಮಾತಾಡಲು ಹೋದ ಚನ್ನಬಸಪ್ಪ ಸೊಂಟ ಬಗ್ಗಿಸಿ, ತಲೆ ತಗ್ಗಿಸಿ ನಿಲ್ಲಬೇಕಾಯಿತು. ಹಾಗೆ ಬಗ್ಗಿ ನಿಂತಾಗ ದರ ಏರಿಸಿ ಕೇಳಲು ಬಾಯೇ ಬರುವುದಿಲ್ಲ ಎಂದು ಅವರು ಹೊರಗೆ ಬಂದು ದೂರಿದರು. ಮೇಲಿನ ಹಲಗೆ ಬಿಚ್ಚಿ ಎತ್ತರಿಸಿದ್ದಾಯಿತು. ಕಟ್ಟಿಗೆ, ಗಾಜು, ಬಾಗಿಲಿಗೆ ಸ್ಪ್ರಿಂಗು, ಒಳಗೊಂದು ಬಲ್ಬು. ಬೇಸಿಗೆ ಶುರುವಾದ ಮೇಲೆ ಒಳಗೆ ಹೋದವರು ಬೆವರಿ ತೊಯ್ದು ಈಚೆ ಬರತೊಡಗಿದ್ದರಿಂದ ಒಂದು ಸಣ್ಣ ಫ್ಯಾನು. ಫ್ಯಾನಿನ ಸದ್ದಿಗೆ ಆಚೆಯವರ ಮಾತು ಕೇಳುವುದಿಲ್ಲವೆಂದು ಅದನ್ನು ಬಂದ್ ಮಾಡಲು ಒಂದು ಬಟನ್ನು. ಬಾಗಿಲನ್ನು ಒಳಗಿನಿಂದ ದಬ್ಬಬೇಕು, ಆದರೆ ನಮ್ಮ ಮಂದಿ ಎಳೆಯುತ್ತಿದ್ದರು. ಎಳೆದು ಎಳೆದು ಹಿಡಿಕೆ ಕಿತ್ತುಬಂದು ಹೊಸ ಹಿಡಿಕೆ ಹಾಕಿಸಿದೆ. ಇಷ್ಟೆಲ್ಲ ಸೇರಿ ಖರ್ಚು ಎಷ್ಟಾಯಿತೆಂದು ನನ್ನ ಹೆಂಡತಿ ನೀಲವ್ವ ಕೇಳಿದಾಗ, ಅದೂ ಗೋಪ್ಯ ಎಂದು ಹೇಳಿ ಪಾರಾದೆ.

ಸಾಹೇಬರು ಪರೀಕ್ಷೆಗೆ ಬಂದರು. ಒಳಗೆ ಹೋಗಿ ಬಾಗಿಲು ಹಾಕಿಕೊಂಡು, ರಿಸೀವರ್ ಕಿವಿಗೆ ಹಿಡಿದು ಏನೋ ಮಾತಾಡಿದರು. ಸ್ವಲ್ಪ ಹೊತ್ತಿಗೆ ಹೊರಗೆ ಬಂದಾಗ ಎದುರಿಗೆ ಗುರುಪಾದಪ್ಪ ಕಾಕಾ ಚಹಾದ ಕಪ್ಪು ಹಿಡಿದು ನಿಂತಿದ್ದ.

"ಇದು ಯಾರು ಹೇಳಿದ್ದು?" ಎಂದರು ಸಾಹೇಬರು.

"ನೀವಽ ಒಳಗ ಹೇಳಿದ್ರಲ್ರಿ, ಒಂದ್ ಚಹಾ ಸಿಕ್ಕಿದ್ರ ಚಲೋ ಆಗ್ತಿತ್ತು ಅಂತ. ಸಕ್ಕರಿ ಕಡಿಮಿ ಅಂದ್ರಿ, ಕಡಿಮೀನ ಹಾಕ್ಸೇನಿ."

ಸಾಹೇಬರು ಚಹಾ ಕುಡಿದರು. ನನ್ನನ್ನು ಫೇಲು ಮಾಡಿದರು.

ಅವರು ಹೋದ ಮೇಲೆ ನಾನು ತಲೆಯ ಮೇಲೆ ಕೈಹೊತ್ತು ಕೂತಿದ್ದೆ. ಅಂಗಡಿಗೆ ಊಟದ ಡಬ್ಬಿ ತಂದಿದ್ದ ನೀಲವ್ವ ಬೂತಿನ ಒಳಗೆ ಹೋಗಿ, ಬೆರಳಿನ ಗೆಣ್ಣಿನಿಂದ ಹಲಗೆಗಳನ್ನು ಬಡಿದು ನೋಡಿದಳು. "ಬರೇ ಹಲಿಗಿ ಆದ್ರ ಕೇಳಾಕಽಬೇಕು. ಕೌದಿ ಬಡೀರಿ" ಎಂದಳು. ಮರುದಿನ ತಾನೇ ಟ್ರಂಕಿನಿಂದ ಎರಡು ಕೌದಿ ತೆಗೆದುಕೊಟ್ಟಳು. ಅವಳ ತವರುಮನೆಯ ಕೌದಿಗಳು. ಅವಳ ಅವ್ವ ಹಳೆಯ ಸೀರೆಗಳನ್ನೆಲ್ಲ ಕೂಡಿಸಿ ಕೈಯಿಂದ ಹೊಲಿದವು. ಬೇಡವೆಂದು ನಾನು ಬಾಯಿಮಾತಿಗೆ ಹೇಳಿದೆ. ಅವಳು ಕೊಟ್ಟೇ ಕೊಟ್ಟಳು. ಮೌನೇಶಪ್ಪ ಅವುಗಳನ್ನು ಒಳಗೋಡೆಗೆ ಸುತ್ತಲೂ ಮೊಳೆ ಹೊಡೆದು ಕೂರಿಸಿದ, ಬಾಗಿಲಿನ ಗಾಜೊಂದನ್ನು ಬಿಟ್ಟು. ಸಾಹೇಬರು ಮತ್ತೆ ಬಂದು ಒಳಗೆ ನಿಂತು ಬಾಯಿ ಆಡಿಸಿದರು. ಹೊರಗೆ ನಾವೆಲ್ಲ ಉಸಿರು ಬಿಗಿಹಿಡಿದು ನಿಂತೆವು. ಕಾಕಾ ಕಿವಿಯ ಹಿಂದೆ ಕೈಯಿಟ್ಟುಕೊಂಡು ಬಗ್ಗಿದ, ಆಮೇಲೆ ಕೈ ಕೆಳಗಿಳಿಸಿ, "ಏನೂ ತಿಳೀವಲ್ದು" ಎಂದ. ಅಷ್ಟು ದುಃಖದಿಂದ ಅವನು ಏನನ್ನಾದರೂ ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆ ದಿನ ಸಾಹೇಬರಿಗೆ ಚಹಾ ಬರಲಿಲ್ಲ, ನಾನು ಪಾಸಾದೆ.

ಪಾಸಾದ ಮೇಲೆ ಶುರುವಾಯಿತು ನಿಜವಾದ ಖರ್ಚು. ಬೂತು ಕೂತಿದ್ದು ಖಣದ ಗೋಡೆಯ ಮುಂದೆ. ಖಣ ತೋರಿಸಬೇಕೆಂದರೆ ಬೂತಿನ ಹಿಂದೆ ಅಡ್ಡಡ್ಡ ಸರಿದು ಹೋಗಿ, ಹೊಟ್ಟೆ ಒಳಗೆಳೆದುಕೊಂಡು ಈಚೆ ಬರಬೇಕು. ಅಷ್ಟರಲ್ಲಿ ಗಿರಾಕಿ ಎದುರಿನ ಅಂಗಡಿಯಲ್ಲಿ ಇರುತ್ತಿದ್ದಳು. ಕೇಳಲು ಬರುತ್ತಿದ್ದವರಂತೂ ಬರುವುದನ್ನೇ ಬಿಟ್ಟರು. "ಮೂಕರ ಅಂಗಡಿಗೆ ಏನ್ ಹೋಗೂದು" ಎಂದು ಯಾರೋ ಆಡಿಕೊಂಡದ್ದು ನನ್ನ ಕಿವಿಗೂ ಬಿತ್ತು. ಕಾಕಾ ಮಾತ್ರ ಹಟ ಬಿಡದೆ ಬಾಂಕನ್ನು ಗಾಜಿನ ಎದುರಿಗೆ ಸರಿಸಿಕೊಂಡು, ತುಟಿಗಳ ಚಲನೆ ನೋಡಿ ವಿಷಯ ಊಹಿಸಲು ಹೊರಟ. ಹೀಗೆ ಊಹಿಸಿ, ಶಿರೂರಿನ ಒಬ್ಬರ ಮನೆಯಲ್ಲಿ ಎಮ್ಮೆ ಈದದ್ದನ್ನು ಮಗಳು ಹಡೆದಳೆಂದು ಊರಿಗೆ ತಿಳಿಸಿದ. ಆ ಹುಡುಗಿಗೆ ಇನ್ನೂ ಲಗ್ನವೇ ಆಗಿರಲಿಲ್ಲ. ಅವಳ ಅಣ್ಣ ಬಂದು ಕೂಗಾಡಿ ಹೋದ ಮೇಲೆ ಕಾಕಾ ಬಾಂಕನ್ನು ಮೊದಲಿನ ಜಾಗಕ್ಕೆ ಸರಿಸಿದ. ನಾನು ಟೆಲಿಫೋನನ್ನೇ ವಾಪಸು ಕೊಟ್ಟುಬಿಡೋಣ ಎಂದು ನಿಶ್ಚಯಿಸಿದೆ.

ಆದರೆ ಆ ವಾರವೇ ಗುಡೂರಿನ ಹೆಣ್ಣುಮಗಳೊಬ್ಬಳು ಬಂದಳು. ಅವಳ ಗಂಡ ಗೋವಾದಲ್ಲಿ ಹೋಟೆಲಿನ ಕೆಲಸಕ್ಕಿದ್ದ. ಮೊದಲೂ ಅವಳು ಬರುತ್ತಿದ್ದಳು, ಸಂತೆಯ ದಿನ ಫೋನು ಹಚ್ಚಿಸುತ್ತಿದ್ದಳು. ಆದರೆ ಅಂಗಡಿ ತುಂಬ ಮಂದಿ ನೋಡುತ್ತಿದ್ದುದರಿಂದ "ಹ್ಞೂಂ", "ಆರಾಮದೀನಿ", "ಮತ್ತೇನಿಲ್ಲ" ಎಂಬ ಮೂರೇ ಮಾತು ಆಡಿ, ದುಡ್ಡು ಇಟ್ಟು, ತಲೆ ಬಗ್ಗಿಸಿ ಹೋಗುತ್ತಿದ್ದಳು. ಅವತ್ತು ಒಳಗೆ ಹೋಗಿ ಬಾಗಿಲು ಹಾಕಿಕೊಂಡವಳು ಬಹಳ ಹೊತ್ತು ಮಾತಾಡಿದಳು. ಗಾಜಿನಲ್ಲಿ ಅವಳ ಕೈ ಗಾಳಿಯಲ್ಲಿ ಏನೇನೋ ತೋರಿಸುತ್ತಿತ್ತು. ಹೊರಗೆ ಬಂದಾಗ ಅವಳ ಮುಖ ನೋಡಿ ನಾನು ಟೆಲಿಫೋನು ವಾಪಸು ಕೊಡುವ ವಿಚಾರವನ್ನು ಮುಂದಿನ ತಿಂಗಳಿಗೆ ಹಾಕಿದೆ.

ಮುಂದಿನ ತಿಂಗಳು ನಮ್ಮ ಮನೆಯಲ್ಲಿ ಬೇರೆಯೇ ಚಿಂತೆ ಬಂತು. ನೀಲವ್ವನ ಕುತ್ತಿಗೆಯ ಪಕ್ಕದಲ್ಲಿ ಒಂದು ಗಂಟು ಎದ್ದಿತು. ನೋವಿಲ್ಲ ಎಂದು ಅವಳು ಸುಮ್ಮನಿದ್ದಳು. ನೋವಿಲ್ಲದ ಗಂಟೇ ಕೆಟ್ಟದ್ದು ಎಂದು ಊರಿನ ಡಾಕ್ಟರು ಮಿರಜಿನ ದೊಡ್ಡ ದವಾಖಾನೆಗೆ ಕಳಿಸಿದರು. ಅಲ್ಲಿ ಗಂಟಿನಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಇಟ್ಟುಕೊಂಡರು. ಕನ್ನಡ ಬಲ್ಲ ಡಾಕ್ಟರೊಬ್ಬರು, "ಮತ್ತ ಬರೂದು ಬ್ಯಾಡ, ಗುರುವಾರ ಮಧ್ಯಾಹ್ನ ಫೋನ್ ಹಚ್ರಿ, ಹೇಳ್ತೇನಿ" ಎಂದು ನಂಬರು ಕೊಟ್ಟರು. ಮಿರಜಿನಿಂದ ಬರುವಾಗ ದಾರಿಯುದ್ದಕ್ಕೂ ನಾವಿಬ್ಬರೂ ಆ ಗಂಟೊಂದನ್ನು ಬಿಟ್ಟು ಉಳಿದೆಲ್ಲ ವಿಷಯ ಮಾತಾಡಿದೆವು. ಅವಳು ನನ್ನ ಅಂಗಿಯ ಕಾಲರು ಹರಿದದ್ದನ್ನು ಎರಡು ಸಲ ಹೇಳಿದಳು.

ಗುರುವಾರ ಅವಳು ಸ್ನಾನ ಮಾಡಿ, ಹಸಿರು ಸೀರೆ ಉಟ್ಟು, ಊಟದ ಡಬ್ಬಿ ಹಿಡಿದು ಅಂಗಡಿಗೆ ಬಂದಳು. ನಾನು ಬೆಳಿಗ್ಗೆಯೇ ಕಾಲ್ ಬುಕ್ ಮಾಡಿದ್ದೆ. ಫೋನಿನ ಗಂಟೆ ಹೊಡೆದ ಕೂಡಲೆ ಬೂತಿನ ಕಡೆ ಎದ್ದೆ. ಅವಳು ಅಡ್ಡ ಬಂದಳು.

"ನೀವ್ ಕೂಡ್ರಿ. ನನ್ನ ಗಂಟು, ನಾ ಕೇಳ್ತೇನಿ."

"ನಿನಗ ತಿಳೀಲಿಲ್ಲಂದ್ರ?"

"ತಿಳೀಲಿಲ್ಲಂದ್ರ ಇನ್ನೊಮ್ಮೆ ಕೇಳ್ತೇನಿ. ನೀವ್ ಹೋದ್ರ, ಬಂದು ನನಗ ಅರ್ಧಾ ಹೇಳ್ತೀರಿ."

ಅದು ಖರೆ. ನಾನು ಅರ್ಧವನ್ನೇ ಹೇಳುತ್ತಿದ್ದೆ. ಯಾವ ಅರ್ಧ ಎಂಬುದನ್ನೂ ಮನಸ್ಸಿನಲ್ಲೇ ತಯಾರು ಮಾಡಿಟ್ಟುಕೊಂಡಿದ್ದೆ.

ಅವಳು ಒಳಗೆ ಹೋದಳು, ಸ್ಪ್ರಿಂಗಿನ ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು. ನಾನು ಗಾಜಿನ ಹತ್ತಿರ ನಿಂತೆ. ಅವಳು ನನಗೆ ಬೆನ್ನು ಮಾಡಿ ನಿಂತಿದ್ದಳು. ತಲೆಯ ಮೇಲಿನ ಸೆರಗು ಕಾಣುತ್ತಿತ್ತು, ರಿಸೀವರ್ ಹಿಡಿದ ಕೈಯ ಬಳೆಗಳು ಕಾಣುತ್ತಿದ್ದವು. ಮಾತು ಒಂದಕ್ಷರವೂ ಕೇಳಲಿಲ್ಲ. ನಾನೇ ಕಟ್ಟಿಸಿದ ಪೆಟ್ಟಿಗೆ, ಇಲಾಖೆಯವರು ಪಾಸು ಮಾಡಿದ್ದು. ಅದರಲ್ಲಿ ಒಂದು ಹಲಗೆಯಾದರೂ ಬಿರುಕು ಬಿಟ್ಟಿರಬಾರದೆ, ಮೌನೇಶಪ್ಪ ಒಂದು ಮೊಳೆಯನ್ನಾದರೂ ತಪ್ಪಿ ಹೊಡೆದಿರಬಾರದೆ ಎಂದು ಕೈಯಿಂದ ಸಂದು ಹುಡುಕಿದೆ. ಸಿಗಲಿಲ್ಲ. ಒಳಗೆ ಅವಳು ತಲೆಯಾಡಿಸಿದಳು. ಒಳ್ಳೆಯದಕ್ಕೂ ತಲೆಯಾಡಿಸುತ್ತಾರೆ, ಕೆಟ್ಟದ್ದಕ್ಕೂ ಆಡಿಸುತ್ತಾರೆ. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಮತ್ತೆ ಸಂದು ಹುಡುಕತೊಡಗಿದೆ.

ಮದ್ರಾಸಿನ ಕಾಲಿಗೆ ಕಾಯುತ್ತಿದ್ದ ಚನ್ನಬಸಪ್ಪ ನನ್ನ ಹತ್ತಿರ ಬಂದು, "ನಂದೇನ್ ಅವಸರ ಇಲ್ರಿ, ನಾಳೆ ಹಚ್ಚಿದ್ರೂ ನಡೀತೈತಿ" ಎಂದು ತಮ್ಮ ಜೀವನದಲ್ಲೇ ಅತಿ ಸಣ್ಣ ದನಿಯಲ್ಲಿ ಹೇಳಿ ಹೊರಗೆ ಹೋಗಿ ನಿಂತರು. ಗುರುಪಾದಪ್ಪ ಕಾಕಾ ಬಾಂಕಿನ ಮೇಲೆಯೇ ಇದ್ದ. ಆದರೆ ಅವತ್ತು ಬೂತಿಗೆ ಬೆನ್ನು ತಿರುಗಿಸಿ, ಬೀದಿಯ ಕಡೆ ಮುಖ ಮಾಡಿ ಕೂತಿದ್ದ.

ಕೊನೆಗೂ ಅವಳು ರಿಸೀವರ್ ಕೆಳಗಿಟ್ಟಳು. ಒಳಗಿನಿಂದ ಅವಳು ಬಾಗಿಲು ಎಳೆದಳು. ಹೊರಗಿನಿಂದ ನಾನೂ ಎಳೆದೆ. ಇಬ್ಬರೂ ಜೋರು ಮಾಡಿ ಎಳೆದೆವು. "ಅಕಿಗೆ ಬಿಡಾಕ ಹೇಳೋ" ಎಂದ ಕಾಕಾ, ತಿರುಗದೆಯೇ. ಗಾಜಿನಲ್ಲಿ ಕೈಸನ್ನೆ ಮಾಡಿದೆ. ಅವಳು ಕೈಬಿಟ್ಟಳು, ಬಾಗಿಲು ತೆರೆದು ನನ್ನ ಹಣೆಗೆ ಬಡಿಯಿತು.

"ಏನಂದ್ರು?" ಎಂದೆ, ಹಣೆ ಹಿಡಿದುಕೊಂಡು.

"ಏನೂ ಇಲ್ಲಂತ. ಕೆಟ್ಟ ಗಂಟಲ್ಲಂತ. ಗುಳಿಗಿ ಬರೆದು ಕಳಸ್ತಾರಂತ, ಕರಗ್ತೈತಂತ."

"ಖರೇನಽ?"

"ಎರಡ ಸಲ ಕೇಳೇನಿ."

ನಾನು ಮಡಿಸಿಟ್ಟ ಸೀರೆಗಳ ಮೇಲೆಯೇ ಕುಸಿದು ಕೂತೆ. ಗಿರಾಕಿಗಳು ಕೂತರೆ ಬೈಯುತ್ತಿದ್ದೆ. ಆಮೇಲೆ ಎದ್ದು ಹೊರಗೆ ಹೋಗಿ, ಅಂಗಡಿಯ ಮೆಟ್ಟಿಲ ಮೇಲೆ ನಿಂತು, ನಮ್ಮಪ್ಪನ ದನಿಯಲ್ಲಿ, "ನೀಲವ್ವಗ ಆರಾಮ ಐತಂತ, ಏನೂ ಇಲ್ಲಂತ" ಎಂದು ಬಜಾರಕ್ಕೆಲ್ಲ ಕೇಳುವಂತೆ ಹೇಳಿದೆ. ಎದುರು ಅಂಗಡಿಯವನು ತಕ್ಕಡಿ ಕೆಳಗಿಟ್ಟು ಕೈಮುಗಿದ. ಚನ್ನಬಸಪ್ಪ ಎಲ್ಲರಿಗೂ ಪೇಢೆ ತರಿಸಿದರು. ಕಾಕಾ ತನ್ನ ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡು, ಬಿಸಿಲು ಭಾಳ ಎಂದ.

ಗಲಾಟೆಯೆಲ್ಲ ಮುಗಿದ ಮೇಲೆ ನನಗೊಂದು ವಿಚಾರ ಬಂತು. ಏನೂ ಇಲ್ಲ ಎಂದು ಹೇಳಲು ಡಾಕ್ಟರಿಗೆ ಎಷ್ಟು ಹೊತ್ತು ಬೇಕು? ಅವಳು ಒಳಗಿದ್ದದ್ದು ಅದಕ್ಕಿಂತ ಬಹಳ ಹೆಚ್ಚು ಹೊತ್ತು. ಎಕ್ಸ್‌ಚೇಂಜಿನವರೂ ಮೂರು ಮೂರು ನಿಮಿಷದ ಲೆಕ್ಕದಲ್ಲಿ ಹಲವು ಸಲದ ದುಡ್ಡು ಹಚ್ಚಿದ್ದರು.

"ಮತ್ತ ಅಷ್ಟೊತ್ತು ಏನ್ ಮಾತಾಡಿದಿ?" ಎಂದು ಕೇಳಿದೆ.

ನೀಲವ್ವ ಖಾಲಿ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ನಕ್ಕಳು. "ಬ್ಯಾರೆ ಮಾತು" ಎಂದು ಹೇಳಿ ಮನೆಗೆ ಹೊರಟೇಹೋದಳು.

ಸಂಜೆಗೆ ಊರೆಲ್ಲ ನನ್ನನ್ನು ಅದೇ ಕೇಳಿತು. ಅಷ್ಟು ಹೊತ್ತು ಏನಂತೆ, ಮತ್ತೇನು ಹೇಳಿದರಂತೆ ಎಂದು. ಗೊತ್ತಿಲ್ಲ ಎಂದೆ. ಯಾರೂ ನಂಬಲಿಲ್ಲ. ಸ್ವಂತ ಹೆಂಡತಿ, ಸ್ವಂತ ಅಂಗಡಿ, ಸ್ವಂತ ಫೋನು, ಗೊತ್ತಿಲ್ಲ ಎಂದರೆ ಯಾರು ನಂಬುತ್ತಾರೆ? ಎಷ್ಟು ಕೇಳಿದರೂ ಬಾಯಿಬಿಡಲಿಲ್ಲ, ಗಟ್ಟಿ ಮನುಷ್ಯ ಎಂದು ಮಾತಾಯಿತು. ಗುಟ್ಟಿನ ಮಾತಿದ್ದರೆ ಸಂಗಪ್ಪನ ಅಂಗಡಿಗೆ ಹೋಗಬೇಕು ಎಂದು ಹುನಗುಂದದಿಂದ, ಕೂಡಲಸಂಗಮದ ಕಡೆಯಿಂದ ಮಂದಿ ಬರತೊಡಗಿದರು. ಮದುವೆಯ ಮಾತುಕತೆ ಬೂತಿನೊಳಗೆ ಮುಗಿದರೆ, ಮದುವೆಯ ಸೀರೆಗಳು ಬೂತಿನ ಹೊರಗೆ ಮಾರಾಟವಾದವು. ಬೂತಿಗೆ ಹಾಕಿದ ದುಡ್ಡು ವಾಪಸು ಹುಟ್ಟಿತು, ಅದರ ಮೇಲೂ ನಾಲ್ಕು ಕಾಸು ಉಳಿಯಿತು.

ನೀಲವ್ವನ ಗಂಟು ಕರಗಿ ಎಷ್ಟೋ ಕಾಲವಾಯಿತು. ನನ್ನನ್ನು ಕಂಡರೆ ಊರವರು ಈಗಲೂ, ಹೊಟ್ಟೆಯಲ್ಲಿ ಏನಿಟ್ಟರೂ ಹೊರಗೆ ಬಿಡುವವನಲ್ಲ ಎಂದು ಮೆಚ್ಚಿ ಮಾತಾಡುತ್ತಾರೆ. ನಾನೂ ಗಂಭೀರವಾಗಿ ತಲೆಯಾಡಿಸುತ್ತೇನೆ. ಮನೆಯಲ್ಲಿ ಊಟಕ್ಕೆ ಕೂತಾಗ ಮಾತ್ರ, ಅವಳು ಖುಷಿಯಲ್ಲಿರುವ ಹೊತ್ತು ನೋಡಿ, ಅವತ್ತು ಆ ಡಾಕ್ಟರಿಗೆ ಏನು ಹೇಳಿದಿ ಎಂದು ಮೆಲ್ಲಗೆ ಕೇಳಿ ನೋಡುತ್ತೇನೆ. ಅವಳು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕುತ್ತಾಳೆ.